ಪನಾಮಾ ಕಾಲುವೆ ನಡೆಯುವುದು ಮಳೆ ನೀರಿನಿಂದ

ಬಾಳೆ ಬೆಳೆಯುವವರಿಗೆ ಪನಾಮಾ ಅಂದರೆ ಮೊದಲು ನೆನಪಾಗುವುದು ಸೊರಗು ರೋಗ. ನಂಜನಗೂಡು ರಸಬಾಳೆಯ ತೋಟಗಳನ್ನು ಹಾಳು ಮಾಡಿದ್ದು ಇದೇ ಪನಾಮಾ ರೋಗ. ಕಳೆದ ಶತಮಾನದ ಮೊದಲ ಭಾಗದಲ್ಲಿ ಪನಾಮಾ ಮತ್ತು ಅದರ ಅಕ್ಕಪಕ್ಕದ ದೇಶಗಳ ಬಾಳೆ ತೋಟಗಳನ್ನು ಈ ಶಿಲೀಂಧ್ರ ಸಾಲುಸಾಲಾಗಿ ತಿಂದು ಹಾಕಿತ್ತು. ಹೆಸರು ಅಲ್ಲಿಂದ ಅಂಟಿಕೊಂಡಿತು. ಉಳಿದವರಿಗೆ ಪನಾಮಾ ಅಂದರೆ ಕಾಲುವೆ, ಶಾಲೆಯ ಭೂಪಟದಲ್ಲಿ ಎರಡು ಸಾಗರಗಳ ನಡುವೆ ಎಳೆದ ಒಂದು ಗೀಟು. ಆ ಗೀಟು ನೋಡಿ ನಮ್ಮಲ್ಲಿ ಬಹಳ ಜನ ಅಂದುಕೊಂಡಿರುವುದು ಏನೆಂದರೆ, ನೆಲ ಅಗೆದರು, ಸಮುದ್ರದ ನೀರು ಒಳಗೆ ಬಂತು, ಹಡಗು ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ ಅಂತ. ಸೂಯೆಜ್ ಕಾಲುವೆ ಹಾಗೇ ಇದೆ. ಪನಾಮಾದ್ದು ಬೇರೆ ಕಥೆ.

ಪನಾಮಾದಲ್ಲಿ ಹಡಗು ಬೆಟ್ಟ ಹತ್ತುತ್ತದೆ. ಸಮುದ್ರ ಮಟ್ಟದಿಂದ 26 ಮೀಟರ್ ಮೇಲೆ ಏರಿ, ಅಲ್ಲಿ ಒಂದು ದೊಡ್ಡ ಸಿಹಿ ನೀರಿನ ಸರೋವರದಲ್ಲಿ ತೇಲಿಕೊಂಡು ಹೋಗಿ, ಆಮೇಲೆ ಇನ್ನೊಂದು ಕಡೆ ಅಷ್ಟೇ ಇಳಿಯುತ್ತದೆ. ಏರಿಸುವುದಕ್ಕೂ ಇಳಿಸುವುದಕ್ಕೂ ಬಳಸುವುದು ಆ ಸರೋವರದ ನೀರನ್ನೇ. ಸರೋವರ ತುಂಬುವುದು ಮಳೆಯಿಂದ. ಅಂದರೆ ಜಗತ್ತಿನ ಸಮುದ್ರ ವ್ಯಾಪಾರದ ಸುಮಾರು 5 ಶೇಕಡಾ ಸಾಗುವ ದಾರಿ ನಿಂತಿರುವುದು ಒಂದು ಕೆರೆಯ ಮೇಲೆ. ಎರಡು ಕಡೆ ತೂಬು ಇರುವ, ದಿನವಿಡೀ ಎರಡೂ ತೂಬುಗಳನ್ನು ತೆಗೆದು ಮುಚ್ಚುತ್ತಲೇ ಇರಬೇಕಾದ ಕೆರೆ.

ಮಳೆ ಕೈಕೊಟ್ಟರೆ ಏನಾಗುತ್ತದೆ ಅನ್ನುವುದು 2023ರಲ್ಲಿ ಗೊತ್ತಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಕಾಲುವೆಯ ಎರಡೂ ಬಾಯಿಗಳಲ್ಲಿ 160ಕ್ಕೂ ಹೆಚ್ಚು ಹಡಗುಗಳು ಲಂಗರು ಹಾಕಿ ಕಾಯುತ್ತಿದ್ದವು. ಸಾಮಾನ್ಯವಾಗಿ ದಿನಕ್ಕೆ 36 ಹಡಗು ದಾಟುವ ಜಾಗದಲ್ಲಿ ಡಿಸೆಂಬರ್ ಹೊತ್ತಿಗೆ ಅದನ್ನು 22ಕ್ಕೆ ಇಳಿಸಬೇಕಾಯಿತು. ಹಡಗಿನ ತಳ 50 ಅಡಿ ಆಳದವರೆಗೆ ಮುಳುಗಿರಬಹುದು ಅನ್ನುವ ಮಿತಿಯನ್ನು 44 ಅಡಿಗೆ ತಂದರು, ಅಂದರೆ ದೊಡ್ಡ ಹಡಗುಗಳು ಸರಕು ಕಡಿಮೆ ಮಾಡಿಕೊಂಡೇ ಬರಬೇಕು. ಸರದಿ ತಪ್ಪಿಸಿ ಮುಂದೆ ಹೋಗುವ ಅವಕಾಶವನ್ನು ಹರಾಜಿಗಿಟ್ಟಾಗ ಜಪಾನಿನ ಒಂದು ಕಂಪನಿ ಒಂದೇ ಒಂದು ಹಡಗಿಗೆ ಸುಮಾರು 40 ಲಕ್ಷ ಡಾಲರ್ ಕೊಟ್ಟಿತು. ಕಾಲುವೆಯ ಮಾಮೂಲಿ ಸುಂಕ ಇದಕ್ಕೆ ಬೇರೆ. ನೆನಪಿಡಿ, ಇದೆಲ್ಲ ನಡೆದದ್ದು ಅಲ್ಲಿನ ಮಳೆಗಾಲದಲ್ಲಿ.

ಆಮೇಲೆ ಮಳೆ ಬಂತು, 2024ರ ಮಧ್ಯದ ನಂತರ ಹಡಗುಗಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಏರಿತು, ಸುದ್ದಿ ತಣ್ಣಗಾಯಿತು. 2025ರಲ್ಲಿ ಪನಾಮಾ ಮತ್ತೆ ಸುದ್ದಿಗೆ ಬಂದದ್ದು ಕಾಲುವೆಯನ್ನು ವಾಪಸ್ ತಗೋತೀವಿ ಅಂತ ಅಮೆರಿಕದ ಅಧ್ಯಕ್ಷ ಟ್ರಂಪ್ ಹೇಳಿದಾಗ. ಎಲ್ಲರೂ ಬಾವುಟದ ಬಗ್ಗೆ, ಚೀನಾ ಬಗ್ಗೆ, ಬಂದರುಗಳ ಬಗ್ಗೆ ಮಾತಾಡಿದರು. ಆ ದೇಶದ ಒಳಗೆ ನಡೆಯುತ್ತಿರುವ ಜಗಳ ಬೇರೆಯೇ ಇದೆ. ಅಲ್ಲಿನ ಪ್ರಶ್ನೆ ಇಷ್ಟೇ: ಬೀಳುವ ಮಳೆ ಯಾರಿಗೆ? ಹಡಗಿಗಾ, ಊರಿನ ನಲ್ಲಿಗಾ, ಅಥವಾ ಇನ್ನೂ ಮುಳುಗದೆ ಉಳಿದಿರುವ ಒಂದು ಕಣಿವೆಯ ಹಳ್ಳಿಗಳಿಗಾ? ನನಗೆ ಇದು ಮುಖ್ಯ ಅನ್ನಿಸುತ್ತದೆ. ಅಣೆಕಟ್ಟಿನ ಹಿನ್ನೀರು ಕಂಡವರಿಗೆ ಇದು ದೂರದ ಕಥೆ ಅನ್ನಿಸುವುದೇ ಇಲ್ಲ.

ಮೊದಲು ಆ ನೆಲ ಹೇಗಿದೆ ನೋಡೋಣ. ಪನಾಮಾದ ವಿಸ್ತೀರ್ಣ ಸುಮಾರು 75,000 ಚದರ ಕಿ.ಮೀ., ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಜನ ಸುಮಾರು 45 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ಭೂಪಟದಲ್ಲಿ ಉತ್ತರ ಅಮೆರಿಕ ಮೇಲೆ, ದಕ್ಷಿಣ ಅಮೆರಿಕ ಕೆಳಗೆ ಇದೆಯಲ್ಲ, ಹಾಗಾಗಿ ನಡುವಿನ ಈ ದೇಶವೂ ಉದ್ದುದ್ದ ನಿಂತಿದೆ ಅಂತ ಅನ್ನಿಸುತ್ತದೆ. ನಿಜವಾಗಿ ಅದು ಅಡ್ಡ ಮಲಗಿದೆ, ಪೂರ್ವದಿಂದ ಪಶ್ಚಿಮಕ್ಕೆ, ಸ್ವಲ್ಪ ಬಳುಕಿಕೊಂಡು. ಉತ್ತರಕ್ಕೆ ಕೆರಿಬಿಯನ್ ಸಮುದ್ರ, ದಕ್ಷಿಣಕ್ಕೆ ಪೆಸಿಫಿಕ್. ಪನಾಮಾ ನಗರದಲ್ಲಿ ನಿಂತರೆ ಸೂರ್ಯ ಪೆಸಿಫಿಕ್ ಮೇಲೆ ಹುಟ್ಟುವುದು ಕಾಣುತ್ತದೆ. ಕೆರಿಬಿಯನ್ ಕಡೆಯಿಂದ ಕಾಲುವೆ ಹೊಕ್ಕ ಹಡಗು ಪೆಸಿಫಿಕ್‌ನಲ್ಲಿ ಹೊರಬರುವಾಗ ಹೊರಟ ಜಾಗಕ್ಕಿಂತ ಪೂರ್ವಕ್ಕೆ ಇರುತ್ತದೆ. ಅಕ್ಷಾಂಶದ ಲೆಕ್ಕದಲ್ಲಿ ಪನಾಮಾ ನಗರ ನಮ್ಮ ಕೇರಳದ ಕೊಲ್ಲಂ ಇರುವ ಸಾಲಿನಲ್ಲೇ ಇದೆ. ಹಾಗಾಗಿ ಸೆಕೆ, ಮಳೆ, ತೆಂಗು, ಬಾಳೆ, ಗೆಣಸು ಇದ್ಯಾವುದೂ ನಮಗೆ ಹೊಸದಲ್ಲ.

ಈ ಅಡ್ಡ ಪಟ್ಟಿಯ ನಡುವೆ ಬೆಟ್ಟಗಳ ಬೆನ್ನು ಹಾದು ಹೋಗಿದೆ. ಪಶ್ಚಿಮದಲ್ಲಿ ಬಾರೂ ಅನ್ನುವ ಜ್ವಾಲಾಮುಖಿ ಸುಮಾರು 3,475 ಮೀಟರ್ ಎತ್ತರ. ಆಕಾಶ ತಿಳಿಯಾಗಿದ್ದರೆ ಅದರ ತುದಿಯಿಂದ ಎರಡೂ ಸಾಗರಗಳು ಕಾಣುತ್ತವೆ. ಅದರ ಇಳಿಜಾರಿನ ಬೊಕೆಟೆಯಲ್ಲಿ ಗೇಶಾ ಅನ್ನುವ ಕಾಫಿ ಬೆಳೆಯುತ್ತಾರೆ, ಹರಾಜಿನಲ್ಲಿ ಜಗತ್ತಿನಲ್ಲೇ ಜಾಸ್ತಿ ಬೆಲೆಗೆ ಹೋಗುವ ಕಾಫಿಗಳಲ್ಲಿ ಅದೊಂದು. ಕೆರಿಬಿಯನ್ ಕಡೆಯಿಂದ ಬೆಟ್ಟ ದಾಟಿ ಬರುವ ಮಂಜಿನಂಥ ಸೋನೆ ಮಳೆಗೆ ಅಲ್ಲಿನವರು ಬಾಹರೆಕೆ ಅಂತ ಒಂದು ಹೆಸರೇ ಇಟ್ಟಿದ್ದಾರೆ. ಕೊಡಗಿನವರಿಗೆ, ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿ ಬೀಸುವುದು ಹೆಚ್ಚಾಗಿ ಕೆರಿಬಿಯನ್ ಕಡೆಯಿಂದ. ಮಳೆಯ ದೊಡ್ಡ ಪಾಲು ಅಲ್ಲೇ ಸುರಿಯುತ್ತದೆ. ಕಾಲುವೆಯ ಕೆರಿಬಿಯನ್ ತುದಿಯ ಕೋಲೋನ್ ಊರಿಗೆ ವರ್ಷಕ್ಕೆ ಸುಮಾರು 3,300 ಮಿ.ಮೀ. ಮಳೆಯಾದರೆ, ಪೆಸಿಫಿಕ್ ತುದಿಯ ಪನಾಮಾ ನಗರಕ್ಕೆ 1,900 ಮಿ.ಮೀ. ಆಸುಪಾಸು. ಘಟ್ಟದ ಕೆಳಗೂ ಮೇಲೂ ನಮ್ಮಲ್ಲಿ ಕಾಣುವ ವ್ಯತ್ಯಾಸವೇ ಇದು. ಮೇ ತಿಂಗಳಿಂದ ಡಿಸೆಂಬರ್ ನಡುವಿನವರೆಗೆ ಮಳೆಗಾಲ, ಆಮೇಲೆ ಏಪ್ರಿಲ್ ಕೊನೆಯವರೆಗೆ ಒಣ ಕಾಲ. ಆ ನಾಲ್ಕು ತಿಂಗಳು ಸರೋವರ ಬರೀ ಕೊಡುತ್ತದೆ, ಪಡೆಯುವುದು ಬಹಳ ಕಡಿಮೆ. ಆದ್ದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆರೆ ತುಂಬಿರಲೇಬೇಕು. 2023ರ ಅಕ್ಟೋಬರ್‌ನಲ್ಲಿ ಕಾಲುವೆಯ ಜಲಾನಯನ ಪ್ರದೇಶದಲ್ಲಿ ಬಿದ್ದದ್ದು ಮಾಮೂಲಿಗಿಂತ 41 ಶೇಕಡಾ ಕಡಿಮೆ ಮಳೆ. 1950ರಿಂದ ಈಚೆಗೆ ಅಷ್ಟು ಒಣ ಅಕ್ಟೋಬರ್ ಬಂದಿರಲಿಲ್ಲ.

ಸರೋವರ ಯಾಕೆ ಬೇಕಾಯಿತು ಅಂತ ಕೇಳಬಹುದು. ಸೂಯೆಜ್ ಕಟ್ಟಿಸಿದ ಫ್ರಾನ್ಸಿನ ಫರ್ಡಿನಾಂಡ್ ಡಿ ಲೆಸೆಪ್ಸ್ 1881ರಲ್ಲಿ ಪನಾಮಾದಲ್ಲಿ ಕೆಲಸ ಶುರು ಮಾಡಿಸಿದಾಗ ಇಲ್ಲೂ ಸಮುದ್ರ ಮಟ್ಟಕ್ಕೇ ಅಗೆಯುವ ಹಟ ಹಿಡಿದಿದ್ದ. ಮರಳುಗಾಡಿನಲ್ಲಿ ಗೆದ್ದ ಲೆಕ್ಕ ಮಳೆಕಾಡಿನಲ್ಲಿ ನಡೆಯಲಿಲ್ಲ. ಅಗೆದಷ್ಟೂ ಗುಡ್ಡ ಕುಸಿಯುತ್ತಿತ್ತು. ಮಳೆಗಾಲದಲ್ಲಿ ಚಾಗ್ರೆಸ್ ನದಿ ಒಂದೇ ರಾತ್ರಿಯಲ್ಲಿ ಉಕ್ಕಿ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು. ಹಳದಿ ಜ್ವರ, ಮಲೇರಿಯಾ ಬೇರೆ. ಫ್ರೆಂಚರು ಕೈಬಿಡುವ ಹೊತ್ತಿಗೆ ಸುಮಾರು 22,000 ಜನ ಸತ್ತಿದ್ದರು ಅನ್ನುವುದು ಅಂದಾಜು. 1904ರಲ್ಲಿ ಕೆಲಸ ಹಿಡಿದ ಅಮೆರಿಕನ್ನರು ಕೊನೆಗೆ ನದಿಯ ಜೊತೆ ಗುದ್ದಾಡುವುದನ್ನು ಬಿಟ್ಟು ಅದನ್ನೇ ಕಟ್ಟಿ ನಿಲ್ಲಿಸಿದರು. ಗಾಟುನ್ ಅನ್ನುವಲ್ಲಿ ಚಾಗ್ರೆಸ್‌ಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು. ಹಿಂದೆ ನಿಂತ ನೀರು ಸುಮಾರು 425 ಚದರ ಕಿ.ಮೀ., ನಮ್ಮ ಲಿಂಗನಮಕ್ಕಿಯ ಹಿನ್ನೀರಿಗಿಂತ ದೊಡ್ಡದು. ಆ ಕಾಲಕ್ಕೆ ಮನುಷ್ಯ ಕಟ್ಟಿದ ಸರೋವರಗಳಲ್ಲಿ ಜಗತ್ತಿಗೇ ದೊಡ್ಡದು. 1914ರ ಆಗಸ್ಟ್ 15ರಂದು ಕಾಲುವೆ ಶುರುವಾಯಿತು.

ಹಡಗನ್ನು ಮೇಲೆತ್ತುವುದಕ್ಕೆ ಪಂಪು ಬೇಡ. ಎರಡು ಕಡೆ ಗೇಟಿರುವ ದೊಡ್ಡ ಕಾಂಕ್ರೀಟ್ ತೊಟ್ಟಿ, ಅದಕ್ಕೆ ಲಾಕ್ ಅಂತಾರೆ. ಹಡಗು ತೊಟ್ಟಿಯ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ, ಮೇಲಿನ ಸರೋವರದಿಂದ ನೀರು ಬಿಡುತ್ತಾರೆ. ನೀರು ಏರಿದ ಹಾಗೆ ಹಡಗೂ ಏರುತ್ತದೆ. ಗಾಟುನ್‌ನಲ್ಲಿ ಹೀಗೆ ಮೂರು ಮೆಟ್ಟಿಲು. ಆ ಕಡೆ ಇಳಿಯುವಾಗ ಪೆದ್ರೊ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು. ನೂರು ವರ್ಷದ ಹಿಂದೆ ಮಾಡಿದ ಈ ಏರ್ಪಾಡು ಇವತ್ತಿಗೂ ಬರೀ ಇಳಿಜಾರಿನ ಬಲದಿಂದ ನಡೆಯುತ್ತಿದೆ, ನೋಡಿದರೆ ನಿಜವಾಗಿ ಮೆಚ್ಚಬೇಕು ಅನ್ನಿಸುತ್ತದೆ. ಆದರೆ ಬೆಲೆ ಇದೆ. ಒಂದು ಹಡಗು ಈ ಕಡೆಯಿಂದ ಆ ಕಡೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿ ನೀರು ಸಮುದ್ರಕ್ಕೆ ಹೋಗುತ್ತದೆ. ದಿನಕ್ಕೆ 36 ಹಡಗು ಅಂದರೆ 700 ಕೋಟಿ ಲೀಟರ್ ಆಸುಪಾಸು. ಬೆಂಗಳೂರಿಗೆ ಐದನೇ ಹಂತವೂ ಸೇರಿ ದಿನಕ್ಕೆ ತರಬಹುದಾದ ಕಾವೇರಿ ನೀರು ಸುಮಾರು 220 ಕೋಟಿ ಲೀಟರ್. ಅದರ ಮೂರು ಪಟ್ಟು ನೀರು ದಿನವೂ ಉಪ್ಪು ನೀರಿಗೆ ಸೇರುತ್ತಿದೆ ಅಂತ ಲೆಕ್ಕ ಹಾಕಿ.

ಇದೇ ಕೆರೆಯಿಂದ ಕುಡಿಯುವ ನೀರೂ ಹೋಗಬೇಕು. ಗಾಟುನ್ ಮತ್ತು ಅದರ ಮೇಲ್ಗಡೆ 1935ರಲ್ಲಿ ಕಟ್ಟಿದ ಆಲಾಹುವೆಲಾ ಜಲಾಶಯ, ಇವೆರಡೂ ಸೇರಿ ದೇಶದ ಸುಮಾರು ಅರ್ಧ ಜನರಿಗೆ ನೀರು ಕೊಡುತ್ತಿವೆ. ಪನಾಮಾ ನಗರ ಬೆಳೆಯುತ್ತಲೇ ಇದೆ. ಹಾಗಂತ ನಲ್ಲಿಯ ನೀರು ಹಡಗಿನ ನೀರಿಗಿಂತ ಬಹಳ ಕಡಿಮೆ. ಆದರೆ ಹಡಗನ್ನು ಕಾಯಿಸಬಹುದು, ಮಕ್ಕಳ ಬಾಯಾರಿಕೆಯನ್ನು ಕಾಯಿಸಲು ಆಗುವುದಿಲ್ಲ.

2016ರಲ್ಲಿ ಇನ್ನೂ ದೊಡ್ಡ ಹಡಗುಗಳಿಗಾಗಿ ಹೊಸ ಲಾಕ್‌ಗಳನ್ನು ತೆರೆದರು. ಅವುಗಳ ಪಕ್ಕದಲ್ಲಿ ನೀರು ಉಳಿಸುವ ತೊಟ್ಟಿಗಳನ್ನೂ ಕಟ್ಟಿದರು, ಒಂದು ಸಲ ಬಳಸಿದ ನೀರಿನಲ್ಲಿ 60 ಶೇಕಡಾ ಮತ್ತೆ ಬಳಸುವ ಹಾಗೆ. ಒಳ್ಳೆಯ ಉಪಾಯ. ಆದರೆ ಅದರ ಜೊತೆ ಇನ್ನೊಂದು ತೊಂದರೆ ಒಳಗೆ ಬಂತು, ಉಪ್ಪು. ಕೆಳಗಿನ ತೊಟ್ಟಿಯಲ್ಲಿ ಸಮುದ್ರದ ನೀರು ಬೆರೆತಿರುತ್ತದೆ. ಅದೇ ನೀರನ್ನು ಮತ್ತೆ ಮತ್ತೆ ತಿರುಗಿಸಿದಾಗ ಉಪ್ಪಿನ ಅಂಶ ಮೆಟ್ಟಿಲು ಹತ್ತಿ ಸರೋವರ ಸೇರುತ್ತದೆ. ಹೊಸ ಲಾಕ್ ಬಂದ ಮೇಲೆ ಗಾಟುನ್ ನೀರಿನಲ್ಲಿ ಉಪ್ಪು ಹೆಚ್ಚಾಗಿದೆ. ಕುಡಿಯುವ ನೀರಿನ ಮೂಲಕ್ಕೆ ಇದು ಸಣ್ಣ ವಿಷಯವಲ್ಲ. ನೀರು ಉಳಿಸಿದರೆ ಉಪ್ಪು ಜಾಸ್ತಿ, ಉಪ್ಪು ತೊಳೆದು ಹಾಕಿದರೆ ನೀರು ಖರ್ಚು. ಎಂಜಿನಿಯರುಗಳು ಸಿಕ್ಕಿಕೊಂಡಿರುವುದು ಈ ಇಕ್ಕಟ್ಟಿನಲ್ಲಿ.

ಹಾಗಾದರೆ 2023ರ ಬರಕ್ಕೆ ಕಾರಣ ಹವಾಮಾನ ಬದಲಾವಣೆಯಾ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಏನೇ ಆದರೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸುಲಭ. ಇಂಥ ಘಟನೆಗಳನ್ನು ಲೆಕ್ಕ ಹಾಕಿ ನೋಡುವ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ 2024ರಲ್ಲಿ ಕಂಡುಕೊಂಡದ್ದು ಬೇರೆ. ಮಳೆ ಕಡಿಮೆಯಾಗಲು ಮುಖ್ಯ ಕಾರಣ ಎಲ್ ನಿನೊ. ಪೆಸಿಫಿಕ್ ನೀರು ಬಿಸಿಯಾದಾಗ ನಮ್ಮ ಮುಂಗಾರು ಸೊರಗುತ್ತದಲ್ಲ, ಅದೇ ಎಲ್ ನಿನೊ ಪನಾಮಾದ ಮಳೆಯನ್ನೂ ಕದಿಯುತ್ತದೆ. 2023ರಲ್ಲಿ ನಮ್ಮ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದು ನೆನಪಿದೆಯಾ? ಅದೇ ವರ್ಷ. ಹವಾಮಾನ ಬದಲಾವಣೆಯ ಕೈವಾಡ ಆ ಬರದಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಅವರು ಇನ್ನೊಂದನ್ನು ಬೊಟ್ಟು ಮಾಡಿದರು. ನೀರಿನ ಬೇಡಿಕೆ ಬೆಳೆದಿರುವುದರಿಂದ ಮೊದಲು ತಡೆದುಕೊಳ್ಳಬಹುದಾಗಿದ್ದ ಬರ ಈಗ ಬಿಕ್ಕಟ್ಟಾಗುತ್ತಿದೆ. ನನಗೆ ಇದು ಹೆಚ್ಚು ಉಪಯೋಗದ ಉತ್ತರ ಅನ್ನಿಸುತ್ತದೆ. ಎಲ್ ನಿನೊವನ್ನು ಯಾರೂ ತಡೆಯಲಾರರು. ಕೆರೆಯಿಂದ ಎಷ್ಟು ನೀರು ತೆಗೆಯಬೇಕು ಅನ್ನುವುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ.

ಇನ್ನು ಕಾಡಿನ ವಿಷಯ. ಪನಾಮಾದ ಅರ್ಧಕ್ಕಿಂತ ಹೆಚ್ಚು ನೆಲ ಇನ್ನೂ ಕಾಡು. ಗಾಟುನ್ ತುಂಬುವಾಗ ಒಂದು ಗುಡ್ಡದ ತಲೆ ಮಾತ್ರ ನೀರಿನ ಮೇಲೆ ಉಳಿದು ದ್ವೀಪವಾಯಿತು, ಹೆಸರು ಬಾರೊ ಕೊಲೊರಾಡೊ. 1923ರಿಂದ ಅದು ರಕ್ಷಿತ ಪ್ರದೇಶ. ಉಷ್ಣವಲಯದ ಕಾಡಿನ ಬಗ್ಗೆ ಜಗತ್ತು ಕಲಿತದ್ದರಲ್ಲಿ ದೊಡ್ಡ ಪಾಲು ಈ ಪುಟ್ಟ ದ್ವೀಪದಿಂದ ಬಂದಿದೆ. 1980ರ ಆಸುಪಾಸಿನಲ್ಲಿ ಅಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪ ಇರುವ ಸಸಿಯಿಂದ ಹಿಡಿದು ಒಂದೊಂದು ಮರಕ್ಕೂ ನಂಬರ್ ಕೊಟ್ಟು ಅಳೆಯಲು ಶುರು ಮಾಡಿದರು. ಅದೇ ಮಾದರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಬಂಡೀಪುರದ ಪಕ್ಕದ ಮುದುಮಲೈಯಲ್ಲಿ 50 ಹೆಕ್ಟೇರ್ ಕಾಡನ್ನು ಆರಿಸಿಕೊಂಡರು. ಎರಡೂ ಇವತ್ತು ಒಂದೇ ಜಾಗತಿಕ ಜಾಲದಲ್ಲಿವೆ. ಒಂದೊಂದು ಮರವನ್ನು ದಶಕಗಟ್ಟಲೆ ಬಿಡದೆ ನೋಡಿಕೊಂಡು ಬರುವ ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಕಾಡಿಗೂ ಕಾಲುವೆಗೂ ಸಂಬಂಧ ಏನು ಅಂದರೆ, ಕಾಡು ಸ್ಪಂಜಿನ ಹಾಗೆ ಕೆಲಸ ಮಾಡುತ್ತದೆ. ಕಾಲುವೆಯ ಜಲಾನಯನದಲ್ಲಿ ಆಗ್ವಾ ಸಲೂದ್ ಅನ್ನುವ ಕಡೆ ಅಮೆರಿಕದ ಸ್ಮಿತ್ಸೋನಿಯನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾಡಿನ ಹಳ್ಳ, ಹುಲ್ಲುಗಾವಲಿನ ಹಳ್ಳ ಎರಡನ್ನೂ ಅಕ್ಕಪಕ್ಕದಲ್ಲಿ ಅಳೆದು ನೋಡಿದ್ದಾರೆ. ದೊಡ್ಡ ಮಳೆ ಬಂದಾಗ ಕಾಡಿನ ಹಳ್ಳ ಕಡಿಮೆ ಉಕ್ಕುತ್ತದೆ. ಒಣ ಕಾಲ ಬಂದಾಗ ಅದರಲ್ಲಿ ಜಾಸ್ತಿ ನೀರು ಹರಿಯುತ್ತಿರುತ್ತದೆ. ಮಲೆನಾಡಿನ ಹಳೆಯ ತಲೆಗಳಿಗೆ ಇದು ಅಳತೆ ಇಲ್ಲದೆಯೇ ಗೊತ್ತು, ಅಲ್ವಾ? ಬೆಟ್ಟದ ಕಾಡು ಹೋದ ಮೇಲೆ ಬೇಸಿಗೆಯಲ್ಲಿ ಬತ್ತಿದ ಅಬ್ಬಿಗಳನ್ನು ನೋಡಿದವರು ಅವರು. ಆದರೆ ಒಂದು ಮಾತು ಸರಿಯಾಗಿ ಹೇಳಬೇಕು. ಮರಗಳೂ ನೀರು ಕುಡಿಯುತ್ತವೆ. ಇಡೀ ವರ್ಷದ ಒಟ್ಟು ಲೆಕ್ಕ ತೆಗೆದರೆ ಕಾಡಿನಿಂದ ಹರಿದು ಬರುವ ನೀರು ಹುಲ್ಲುಗಾವಲಿಗಿಂತ ಕಡಿಮೆ ಇರಬಹುದು. ಕಾಡಿನ ಬೆಲೆ ಇರುವುದು ನೀರನ್ನು ಹಿಡಿದಿಟ್ಟು ಬೇಕಾದ ಕಾಲಕ್ಕೆ ಕೊಡುವುದರಲ್ಲಿ. ಮಳೆ ವಿಪರೀತವಾದರೂ ಕಾಲುವೆಗೆ ಕಷ್ಟವೇ. 2010ರ ಡಿಸೆಂಬರ್‌ನಲ್ಲಿ ಸರೋವರ ತುಂಬಿ ತುಳುಕಿ, ಸುಮಾರು 17 ಗಂಟೆ ಕಾಲುವೆಯನ್ನೇ ಮುಚ್ಚಬೇಕಾಯಿತು. ಆಗ ಗುಡ್ಡ ಕುಸಿದು ಬಂದ ಮಣ್ಣು ಆಲಾಹುವೆಲಾ ನೀರನ್ನು ರಾಡಿ ಮಾಡಿ, ಪನಾಮಾ ನಗರದ ಜನ ವಾರಗಟ್ಟಲೆ ಕುಡಿಯುವ ನೀರಿಗೆ ಒದ್ದಾಡಿದರು.

ಈಗ ಬರೋಣ ಜಗಳದ ನಡುಮನೆಗೆ. ಕಾಲುವೆಯ ಆಡಳಿತ ಕಂಡುಕೊಂಡಿರುವ ಪರಿಹಾರ ಇನ್ನೊಂದು ಅಣೆಕಟ್ಟು. ಗಾಟುನ್‌ನ ಪಶ್ಚಿಮಕ್ಕೆ ರಿಯೋ ಇಂಡಿಯೋ ಅನ್ನುವ ನದಿ ಇದೆ, ತನ್ನ ಪಾಡಿಗೆ ಕೆರಿಬಿಯನ್ ಸೇರುವ ನದಿ. ಅದಕ್ಕೆ ಅಣೆಕಟ್ಟು ಹಾಕಿ, ಸುಮಾರು 4,600 ಹೆಕ್ಟೇರ್ ಜಲಾಶಯ ಮಾಡಿ, ಬೆಟ್ಟದೊಳಗೆ ಸುಮಾರು 9 ಕಿ.ಮೀ. ಸುರಂಗ ಕೊರೆದು ನೀರನ್ನು ಗಾಟುನ್‌ಗೆ ತರುವುದು. ಖರ್ಚು ಸುಮಾರು 160 ಕೋಟಿ ಡಾಲರ್. ಬಂದ ನೀರಿನಿಂದ ದಿನಕ್ಕೆ ಹತ್ತಕ್ಕೂ ಹೆಚ್ಚು ಹಡಗು ಜಾಸ್ತಿ ದಾಟಬಹುದು, ನಗರಕ್ಕೂ ನೀರು ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಕಾನೂನಿನ ದಾರಿ ತೆರೆದದ್ದು 2024ರ ಜುಲೈನಲ್ಲಿ. 1999ರ ಒಂದು ಕಾನೂನು ಕಾಲುವೆಯ ಜಲಾನಯನದ ಗಡಿಯನ್ನು ಪಶ್ಚಿಮಕ್ಕೆ ವಿಸ್ತರಿಸಿತ್ತು. ರೈತರ ವಿರೋಧದ ನಂತರ 2006ರಲ್ಲಿ ಅದನ್ನು ತೆಗೆದು ಹಾಕಿದ್ದರು. ಹಾಗೆ ತೆಗೆದದ್ದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಳೆಯ ಗಡಿ ಮತ್ತೆ ಜೀವ ಪಡೆಯಿತು, ಅದರೊಳಗೆ ರಿಯೋ ಇಂಡಿಯೋ ಸಿಕ್ಕಿಕೊಂಡಿತು.

ಆ ಕಣಿವೆಯಿಂದ ಎದ್ದು ಹೋಗಬೇಕಾದವರು ಸುಮಾರು 2,500 ಜನ. ಕಾಫಿ, ಭತ್ತ, ಗೆಣಸು ಬೆಳೆದು, ದನ ಸಾಕಿ, ದೋಣಿಯಲ್ಲಿ ಓಡಾಡುವ ಸಣ್ಣ ರೈತರು. ಸಂಖ್ಯೆ ನೋಡಿ ಕೆಲವರು, ದೇಶದ ಅರ್ಧ ಜನರ ನೀರಿಗಾಗಿ ಎರಡೂವರೆ ಸಾವಿರ ಜನ ಜಾಗ ಬಿಟ್ಟರೆ ಏನಾಯ್ತು ಅಂತಾರೆ. ಸರ್ಕಾರಕ್ಕೆ ಕಾಲುವೆಯಿಂದ ವರ್ಷಕ್ಕೆ 200 ಕೋಟಿ ಡಾಲರಿಗಿಂತ ಜಾಸ್ತಿ ಬರುತ್ತದೆ, ಅದರಿಂದಲೇ ಶಾಲೆ, ಆಸ್ಪತ್ರೆ ನಡೆಯುತ್ತಿವೆ, ಇದೂ ಸುಳ್ಳಲ್ಲ. ಪರಿಹಾರ, ಹೊಸ ಮನೆ, ಹೊಸ ಜಮೀನು ಕೊಡುತ್ತೇವೆ, ಮನೆಮನೆಗೆ ಹೋಗಿ ಮಾತಾಡುತ್ತೇವೆ ಅಂತ ಕಾಲುವೆ ಆಡಳಿತ ಹೇಳುತ್ತಿದೆ.

ಹಾಗಿದ್ದರೂ ಆ ರೈತರು ಯಾಕೆ ನಂಬುತ್ತಿಲ್ಲ? ಪನಾಮಾದಲ್ಲಿ ಇದು ಮೊದಲ ಮುಳುಗಡೆ ಅಲ್ಲ, ಕಾರಣ ಅದೇ. ಗಾಟುನ್ ತುಂಬುವ ಮೊದಲು ಚಾಗ್ರೆಸ್ ದಂಡೆಯಲ್ಲಿ ಸಾಲಾಗಿ ಊರುಗಳಿದ್ದವು. ಗೊರ್ಗೋನಾ ಅಂತ ಒಂದು ಪೇಟೆ, ರೈಲು ಇತ್ತು, ಅಂಗಡಿಗಳಿದ್ದವು, ಬಾಳೆ ತೋಟಗಳಿದ್ದವು. ಎಲ್ಲರನ್ನೂ ಎಬ್ಬಿಸಿದರು. ಇವತ್ತು ಕಾಲುವೆಯ ದಡದಲ್ಲಿ ಕಾಣುವ ದಟ್ಟ ಕಾಡು ನೋಡಿ ಪ್ರವಾಸಿಗರು, ಇಲ್ಲಿ ಮೊದಲಿನಿಂದಲೂ ಕಾಡೇ ಇತ್ತು ಅಂತ ಅಂದುಕೊಳ್ಳುತ್ತಾರೆ. ಆಮೇಲೆ 1970ರ ದಶಕದಲ್ಲಿ ವಿದ್ಯುತ್ತಿಗಾಗಿ ಬಯಾನೊ ಅಣೆಕಟ್ಟು ಕಟ್ಟಿದಾಗ ಗುನಾ ಮತ್ತು ಎಂಬೆರಾ ಮೂಲನಿವಾಸಿಗಳ ನೆಲ ಮುಳುಗಿತು. ಕೊಟ್ಟ ಮಾತಿಗಾಗಿ ಅವರು ದಶಕಗಟ್ಟಲೆ ಅಲೆದರು. ಕೊನೆಗೆ 2014ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ ಪನಾಮಾ ಸರ್ಕಾರದ ವಿರುದ್ಧ ತೀರ್ಪು ಕೊಡಬೇಕಾಯಿತು. ಅಣೆಕಟ್ಟು ಮುಗಿದು ಹೆಚ್ಚು ಕಡಿಮೆ ನಲವತ್ತು ವರ್ಷ ಆಗಿತ್ತು. ಲಿಂಗನಮಕ್ಕಿಗಾಗಿ 1960ರ ದಶಕದಲ್ಲಿ ಮನೆ ಬಿಟ್ಟ ಶರಾವತಿ ಮುಳುಗಡೆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿರುವುದನ್ನು ನೋಡುತ್ತಿದ್ದೇವೆ. ಹಾಗಾಗಿ ರಿಯೋ ಇಂಡಿಯೋದ ರೈತ, ಮೊದಲು ಮಾತು ಉಳಿಸಿಕೊಳ್ಳಿ, ಆಮೇಲೆ ನೀರು ಕೇಳಿ ಅಂದರೆ ಅದು ಹಟ ಅಂತ ನನಗೆ ಅನ್ನಿಸುವುದಿಲ್ಲ.

ಜನ ಸುಮ್ನೆ ಇರುವ ದೇಶವೂ ಅದಲ್ಲ. ಬರ ಬಿದ್ದಿದ್ದ ಅದೇ 2023ರ ಅಕ್ಟೋಬರ್, ನವೆಂಬರ್‌ನಲ್ಲಿ ಕೆರಿಬಿಯನ್ ಕಡೆಯ ಕಾಡಿನಲ್ಲಿರುವ ದೊಡ್ಡ ತಾಮ್ರದ ಗಣಿಯ ಹೊಸ ಒಪ್ಪಂದದ ವಿರುದ್ಧ ವಾರಗಟ್ಟಲೆ ರಸ್ತೆ ತಡೆ ನಡೆಯಿತು. ದೇಶದ ಆದಾಯದಲ್ಲಿ ಸುಮಾರು 5 ಶೇಕಡಾ ಆ ಒಂದು ಗಣಿಯಿಂದ ಬರುತ್ತಿತ್ತು. ಪನಾಮಾದ ಚಿನ್ನ ಹಸಿರು ಅನ್ನುವುದು ಆಗಿನ ಘೋಷಣೆ. ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಒಪ್ಪಂದವನ್ನು ರದ್ದು ಮಾಡಿತು, ಗಣಿ ನಿಂತಿತು. ಹಣಕ್ಕಿಂತ ನದಿ ದೊಡ್ಡದು ಅಂತ ಬೀದಿಗಿಳಿದು ಹೇಳಿದ ಜನರಿಗೆ ಇನ್ನೊಂದು ನದಿಯನ್ನು ಕಟ್ಟುತ್ತೇವೆ ಅಂತ ಹೇಳುವುದು ಅಷ್ಟು ಸುಲಭ ಇಲ್ಲ.

ಸಮುದ್ರದ ಕಡೆಯೂ ಒಂದೆರಡು ಸಂಗತಿ ಇವೆ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾದ ನೆಲ ಮೇಲೆದ್ದು ಎರಡು ಸಾಗರಗಳನ್ನು ಬೇರೆ ಮಾಡಿತು. ಅಂದಿನಿಂದ ಎರಡೂ ಬೇರೆ ಬೇರೆ ಸ್ವಭಾವ ಬೆಳೆಸಿಕೊಂಡಿವೆ. ಕೆರಿಬಿಯನ್ ಕಡೆ ನೀರು ತಿಳಿ, ಬೆಚ್ಚಗೆ, ಏರಿಳಿತ ಒಂದೆರಡು ಅಡಿ ಮಾತ್ರ, ಹವಳ ಜಾಸ್ತಿ. ಪೆಸಿಫಿಕ್ ಕಡೆ ಭರತ ಇಳಿತದ ವ್ಯತ್ಯಾಸ 5 ಮೀಟರ್ ದಾಟುತ್ತದೆ, ಮೀನು ಹೇರಳ. ಆ ಮೀನಿಗೆ ಕಾರಣ ಒಣ ಕಾಲದ ಗಾಳಿ. ಜನವರಿಯಿಂದ ಏಪ್ರಿಲ್‌ವರೆಗೆ ಉತ್ತರದ ಗಾಳಿ ಬೆಟ್ಟದ ಸಂದಿಯಿಂದ ನುಗ್ಗಿ ಪನಾಮಾ ಕೊಲ್ಲಿಯ ಮೇಲ್ಪದರದ ನೀರನ್ನು ಆಚೆ ತಳ್ಳುತ್ತದೆ, ತಳದ ತಣ್ಣಗಿನ ಸತ್ವದ ನೀರು ಮೇಲೆ ಬರುತ್ತದೆ. ಅಳೆಯಲು ಶುರು ಮಾಡಿದ ಸುಮಾರು 40 ವರ್ಷಗಳಲ್ಲಿ ಒಂದು ವರ್ಷವೂ ಇದು ತಪ್ಪಿರಲಿಲ್ಲ. 2025ರಲ್ಲಿ ತಪ್ಪಿತು. ಗಾಳಿ ಬೀಸಿದಾಗಲೆಲ್ಲ ಜೋರಾಗೇ ಬೀಸಿತು, ಆದರೆ ಬೀಸಿದ ದಿನಗಳೇ ಕಡಿಮೆಯಾಗಿದ್ದವು. ಇದು ಒಂದು ವರ್ಷದ ಆಕಸ್ಮಿಕವಾ, ಮುಂದೆಯೂ ಹೀಗೇನಾ ಅನ್ನುವುದನ್ನು ಇನ್ನು ಕೆಲವು ವರ್ಷ ನೋಡಬೇಕು. ಕೆರಿಬಿಯನ್ ಕಡೆ ಗುನಾ ಜನರ ಗಾರ್ದಿ ಸುಗ್ದುಬ್ ಅನ್ನುವ ಪುಟ್ಟ ದ್ವೀಪದಿಂದ 2024ರ ಜೂನ್‌ನಲ್ಲಿ ಸುಮಾರು 300 ಕುಟುಂಬಗಳು ಒಳನಾಡಿನ ಹೊಸ ಬಡಾವಣೆಗೆ ಬಂದವು. ಸಮುದ್ರ ಏರುತ್ತಿದೆ, ದ್ವೀಪದಲ್ಲಿ ಕಾಲಿಡಲು ಜಾಗ ಇಲ್ಲ, ಎರಡೂ ಕಾರಣ. ಒಂದೇ ದೇಶದಲ್ಲಿ ಒಂದು ಕಡೆ ನೀರು ಹೆಚ್ಚಾಗಿ ಊರು ಬಿಡುವವರು, ಇನ್ನೊಂದು ಕಡೆ ನೀರು ಸಾಲದೆ ಹೋದದ್ದಕ್ಕೆ ಊರು ಬಿಡಬೇಕಾದವರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರಿಯೋ ಇಂಡಿಯೋ ಅಣೆಕಟ್ಟು ಬೇಡವೇ ಬೇಡ ಅಂತ ಇಷ್ಟು ದೂರದಿಂದ ಹೇಳುವ ಹಕ್ಕು ನನಗಿಲ್ಲ. ದೇಶದ ಅರ್ಧ ಜನರಿಗೆ ಕುಡಿಯುವ ನೀರು ಬೇಕು, ಮುಂದಿನ ಎಲ್ ನಿನೊ ಬಂದೇ ಬರುತ್ತದೆ. ಆದರೆ ಅಣೆಕಟ್ಟು ಮೊದಲ ಉತ್ತರ ಆಗಬಾರದು. ಪೈಪುಗಳಲ್ಲಿ ಸೋರುವ ನೀರನ್ನು ಮೊದಲು ನಿಲ್ಲಿಸಬೇಕು. ಬಯಾನೊದಲ್ಲಿ ಈಗಾಗಲೇ ನಿಂತಿರುವ ನೀರನ್ನು ವಿದ್ಯುತ್ತಿಗೆ ಬದಲು ಕುಡಿಯಲು ತರಬಹುದಾ ಅಂತ ಗಂಭೀರವಾಗಿ ನೋಡಬೇಕು. 2023ರಲ್ಲಿ ದಿನಕ್ಕೆ 22 ಹಡಗಿಗೆ ಇಳಿಸಿದಾಗ ಜಗತ್ತಿನ ವ್ಯಾಪಾರ ಬೇರೆ ದಾರಿ ಹುಡುಕಿಕೊಂಡಿತು. ಒಣ ವರ್ಷಗಳಲ್ಲಿ ಹಡಗು ಕಡಿಮೆ ಬಿಡುತ್ತೇವೆ ಅಂತ ಮೊದಲೇ ಹೇಳಿ, ಅದಕ್ಕೆ ತಕ್ಕ ದರ ಇಡುವುದು ಸಾಧ್ಯ ಅಂತ ಆ ವರ್ಷವೇ ತೋರಿಸಿದೆ. ಇಷ್ಟೆಲ್ಲ ಮಾಡಿಯೂ ನೀರು ಸಾಲದಿದ್ದರೆ ಆಗ ಕಣಿವೆಯ ಜನರ ಬಳಿ ಹೋಗಬೇಕು, ಮತ್ತು ಹಡಗು ಕಂಪನಿಗಳು ಮುಂದಿನ ಐವತ್ತು ವರ್ಷ ಕಟ್ಟುವ ಸುಂಕದಲ್ಲಿ ಆ ಕುಟುಂಬಗಳಿಗೂ ಪಾಲು ಇರಬೇಕು. ಒಂದು ಸಲ ಕೈಗಿಡುವ ಪರಿಹಾರ ಸಾಲದು. ಅವರ ಮಳೆಯನ್ನು ಪ್ರತಿ ದಿನ ಮಾರುತ್ತಿರುತ್ತಾರಲ್ಲ.

ಕಾಲುವೆ ಆಡಳಿತದ ಯೋಜನೆ ಪ್ರಕಾರ ಕಟ್ಟುವ ಕೆಲಸ 2027ರಲ್ಲಿ ಶುರುವಾಗಿ 2030ರ ದಶಕದ ಮೊದಲ ವರ್ಷಗಳಲ್ಲಿ ಮುಗಿಯಬೇಕು. 2025ರ ಮೇ ತಿಂಗಳಲ್ಲಿ ಕಣಿವೆಯ ರೈತರು ಸಣ್ಣ ದೋಣಿಗಳಲ್ಲಿ ಕೂತು, ಅಣೆಕಟ್ಟು ಬೇಡ ಅಂತ ಕೂಗುತ್ತಾ ರಿಯೋ ಇಂಡಿಯೋದಲ್ಲಿ ಮೆರವಣಿಗೆ ಹೊರಟರು. ಮಳೆಗಾಲ ಆಗಷ್ಟೇ ಶುರುವಾಗುವ ತಿಂಗಳು ಅದು.